ವೇಳಾಪಟ್ಟಿಯಲ್ಲಿ ಇಲ್ಲದವರು

ಕಳೆದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ, ಶಿಗ್ಗಾಂವದ ನಮ್ಮ ಮನೆಯ ಪಡಸಾಲೆ ಗೋಡೆಗೆ ನಾನೊಂದು ಹಾಳೆ ಅಂಟಿಸಿದೆ. ಎರಡನೇ ತರಗತಿಗೆ ಹೋಗುವ ಅಣ್ಣನ ಮಗನಿಗಾಗಿ ಬರೆದ ವೇಳಾಪಟ್ಟಿ ಅದು. ಬೆಳಿಗ್ಗೆ 6.30ಕ್ಕೆ ಏಳುವುದು, 8ಕ್ಕೆ ನಾಷ್ಟಾ, ಸಂಜೆ 5ರಿಂದ 6 ಆಟ, 6ರಿಂದ 6.30 ಟಿವಿ, 7ರಿಂದ 8.30 ಅಭ್ಯಾಸ, 8.30ಕ್ಕೆ ಊಟ, 9ಕ್ಕೆ ಕತೆ, 9.30ಕ್ಕೆ ನಿದ್ದೆ. ಎರಡು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು, ಮೂಲೆಯಲ್ಲಿ ಒಂದು ಸೂರ್ಯ, ಒಂದು ಚಂದ್ರ ಬಿಡಿಸಿದ್ದೆ. ಹುಡುಗನಿಗೆ ಸೂರ್ಯ ಬಹಳ ಹಿಡಿಸಿತು. ಉಳಿದದ್ದನ್ನು ಅವನು ಓದಲಿಲ್ಲ.

ಹಾಳೆ ಬರೆಯಲು ಒಂದು ಕಾರಣವಿತ್ತು. ಅದರ ಹಿಂದಿನ ವಾರ ಊಟಕ್ಕೆ ಕೂತಾಗ ಅವನಿಗೆ ಬದನೆಕಾಯಿ ಪಲ್ಯ ಬಡಿಸಿದೆ. ಅವನು ಏನೂ ಮಾತಾಡದೆ ಕತ್ತನ್ನು ಮೂರು ಸಲ ಮೂರು ದಿಕ್ಕಿಗೆ ತಿರುಗಿಸಿ, ಮೂರೂ ಸಲ ನನ್ನನ್ನು ದುರುಗುಟ್ಟಿ ನೋಡಿದ. ಧಾರಾವಾಹಿಯ ಅತ್ತೆ ಸಿಟ್ಟಾದಾಗ ಕ್ಯಾಮೆರಾ ಅವಳ ಮುಖವನ್ನು ಮೂರು ಕಡೆಯಿಂದ ತೋರಿಸುತ್ತದಲ್ಲ, ಅದನ್ನು ಅವನೊಬ್ಬನೇ ಮಾಡಿ ತೋರಿಸಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ಏಳು ವರ್ಷದ ಹುಡುಗ ಸಿಟ್ಟು ಮಾಡುವುದನ್ನು ಎಲ್ಲಿಂದ ಕಲಿಯುತ್ತಿದ್ದಾನೆ ಎಂಬ ಯೋಚನೆ ಬಿಡಲಿಲ್ಲ.

ನಮ್ಮದು ಪಡಸಾಲೆ, ಒಂದು ಒಳಕೋಣೆ, ಅಡುಗೆಮನೆ ಇರುವ ಸಣ್ಣ ಮನೆ. ಟಿವಿ ಇರುವುದು ಪಡಸಾಲೆಯಲ್ಲಿ. ದೀಪ ಹಚ್ಚಿ ಮುಗಿದ ಮೇಲೆ ಅವ್ವ ಅದರೆದುರು ಕೂತರೆ ಒಂದು ಕೈಯಲ್ಲಿ ಮೊರ, ಇಲ್ಲವೆ ಬಳ್ಳೊಳ್ಳಿ ಬುಟ್ಟಿ. ವೈನಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಓಡಾಡುತ್ತ, ಜಾಹೀರಾತು ಬಂದಾಗ ಒಲೆಯ ಹತ್ತಿರ, ಧಾರಾವಾಹಿ ಬಂದಾಗ ಬಾಗಿಲ ಚೌಕಟ್ಟಿನ ಹತ್ತಿರ. ಹುಡುಗ ಮಗ್ಗಿ ಪುಸ್ತಕ ಇಟ್ಟುಕೊಂಡು ನಡುವೆ ಕೂತಿರುತ್ತಾನೆ. ಪುಸ್ತಕ ಕೆಳಗೆ, ಕಣ್ಣು ಮೇಲೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಈಗ ಊರ ಹತ್ತಿರದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿ ಮನೆಯಿಂದಲೇ ಓಡಾಡುತ್ತಿದ್ದೇನೆ. ಓದಿದವಳು ಮನೆಗೆ ಮರಳಿದರೆ ಮನೆಯನ್ನು ತಿದ್ದುವ ಹುಕಿ ಬರುವುದು ಸಹಜ. ಹಾಳೆಯಿಂದ ಏನೂ ಆಗದಿದ್ದಾಗ ಅಣ್ಣನಿಗೆ ಹೇಳಿದೆ, ‘ಈ ತಿಂಗಳು ರೀಚಾರ್ಜ್ ಮಾಡಬ್ಯಾಡ. ಒಂದ್ ತಿಂಗಳು ನೋಡೋಣು.’ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಣ್ಣನಿಗೆ ರೊಕ್ಕ ಉಳಿಯುವ ಮಾತು ತಕ್ಷಣ ಹಿಡಿಸಿತು. ಅವನು ಮನೆಗೆ ಬರುವುದೇ ಒಂಬತ್ತಕ್ಕೆ. ಅಂಗಡಿ ಏಳಕ್ಕೆ ಮುಚ್ಚಿದರೂ ಚಹಾದಂಗಡಿ ಮುಚ್ಚುವುದಿಲ್ಲ. ಅವ್ವನನ್ನು, ವೈನಿಯನ್ನು ನಾವು ಕೇಳಲಿಲ್ಲ. ಕೇಳಬೇಕು ಅನ್ನುವುದೂ ಹೊಳೆಯಲಿಲ್ಲ.

ಮೊದಲ ವಾರ ಮನೆ ಶಾಂತವಾಗಿತ್ತು. ಗೆದ್ದೆ ಅಂದುಕೊಂಡೆ. ಎರಡನೇ ವಾರ ಹುಡುಗ ಒಳಕೋಣೆಗೆ ಬಂದು ನನ್ನ ಪಕ್ಕ ಕೂರತೊಡಗಿದ. ನನ್ನ ಕೈಯಲ್ಲಿ ಮೊಬೈಲ್ ಇತ್ತು, ಅವನ ಕಣ್ಣು ಅದರ ಮೇಲಿತ್ತು. ಮೂರನೇ ವಾರದ ಒಂದು ಸಂಜೆ ಏಳೂವರೆಗೆ ಅವ್ವ ಮನೆಯಲ್ಲಿರಲಿಲ್ಲ. ಹುಡುಕುತ್ತ ಹೋದರೆ ನಾಲ್ಕು ಮನೆ ಆಚೆ ಒಂದು ಮನೆಯ ಹೊಸ್ತಿಲ ಹತ್ತಿರ, ಹೊರಗಿನ ಕಟ್ಟೆಯ ಅಂಚಿಗೆ ಕೂತಿದ್ದಳು. ಒಳಗೆ ಟಿವಿ ನಡೆದಿತ್ತು. ಮನೆಯವರು ಊಟಕ್ಕೆ ಕೂತಿದ್ದರಿಂದ ಅವ್ವ ಒಳಗೆ ಹೋಗದೆ ಕತ್ತು ಚಾಚಿ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಗಡಬಡಿಸಿ ಎದ್ದು, ‘ಕರಿಬೇವು ಇಸ್ಕೊಳ್ಳಾಕ ಬಂದಿದ್ನೆವ್ವಾ’ ಅಂದಳು. ಕೈಯಲ್ಲಿ ಏನೂ ಇರಲಿಲ್ಲ.

ಅರವತ್ತು ದಾಟಿದ ಅವ್ವ ಮಗಳಿಗೆ ಹೆದರಿ ಸುಳ್ಳು ಹೇಳಿದಳು. ಸಣ್ಣವಳಿದ್ದಾಗ ನಾನು ಇಂಥದೇ ಒಂದು ಹೊಸ್ತಿಲಲ್ಲಿ ಟಿವಿ ನೋಡಲು ಕೂತು, ‘ಇನ್ನ ಮನಿಗೆ ಹೋಗ್ರಿ’ ಅನ್ನಿಸಿಕೊಂಡು ಎದ್ದು ಬಂದಿದ್ದೇನೆ. ಆಗ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಅಪ್ಪ ಹೊಟ್ಟೆ ಬಟ್ಟೆ ಕಟ್ಟಿ ಒಂದು ಟಿವಿ ತಂದದ್ದೇ ಮಕ್ಕಳು ಇನ್ನೊಬ್ಬರ ಬಾಗಿಲಲ್ಲಿ ಕೂರಬಾರದು ಅಂತ. ಅಪ್ಪ ಈಗಿಲ್ಲ. ಅದೇ ಬಾಗಿಲಿಗೆ ಅವ್ವನನ್ನು ನಾನು ಕಳಿಸಿದ್ದೆ.

ಆ ರಾತ್ರಿ ವೈನಿ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ ಒಂದು ಮಾತು ಹೇಳಿದರು: ‘ಆ ಹಾಳ್ಯಾಗ ಎಂಟೂವರಿಗೆ ಊಟ ಅಂತ ಬರದೀರಿ. ರೊಟ್ಟಿ ಎಷ್ಟಕ್ಕ ಬಡೀಬೇಕು ಅಂತ ಬರದಿಲ್ಲಲ್ರೀ. ಅವಾ ಅಭ್ಯಾಸಕ್ಕ ಕುಂತ್ರ ಬಾಜೂಕ ಯಾರ ಕೂಡಬೇಕು, ಅದನ್ನೂ ಬರದಿಲ್ಲ.’ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಮಗುವಿಗೆ ಶಿಸ್ತು ಬೇಕು ಅನ್ನುವುದರಲ್ಲಿ ಜಗಳವಿಲ್ಲ. ಆ ಶಿಸ್ತಿನ ಬೆಲೆಯನ್ನು ಯಾರು ತೆರಬೇಕು? ನಿಯಮ ಮಾಡುವವರು ಒಬ್ಬರು, ಬೆಲೆ ತೆರುವವರು ಇನ್ನೊಬ್ಬರು ಆದರೆ ಅದು ನ್ಯಾಯವೇ?

‘ನಮ್ಮ ಕಾಲದಾಗ ಹಿಂಗಿರಲಿಲ್ಲ’ ಅನ್ನುವುದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಸುಲಭ ದಾರಿ. ನಿಜ, ಹೀಗಿರಲಿಲ್ಲ. ಆದರೆ ಯಾಕಿರಲಿಲ್ಲ? ಕರ್ನಾಟಕದ ಹಳ್ಳಿಗಳಿಗೆ ಟಿವಿ ಮೊದಲು ಬಂದ ಬಗೆಯನ್ನೇ ನೋಡಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ಒಂದು ಉಪಗ್ರಹವನ್ನು ಬಳಸಿಕೊಂಡು, ‘ಸೈಟ್’ ಎಂಬ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ನಮ್ಮಲ್ಲಿ ಅದಕ್ಕೆ ಆರಿಸಿದ್ದು ಆಗಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಟಿವಿ ಇಡೀ ಊರಿನದು, ಇರುತ್ತಿದ್ದುದು ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯದ ಮಾತು. ಹೊತ್ತು ಮುಗಿದರೆ ಪರದೆ ಕಪ್ಪು. ಟಿವಿಗೇ ಒಂದು ವೇಳಾಪಟ್ಟಿ ಇದ್ದಾಗ ಮನೆಯವರು ವೇಳಾಪಟ್ಟಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಆಮೇಲಿನ ದೂರದರ್ಶನದ ಕಾಲವೂ ಬಹುಮಟ್ಟಿಗೆ ಹಾಗೇ. 1987–88ರಲ್ಲಿ ‘ರಾಮಾಯಣ’ ಬರುತ್ತಿದ್ದುದು ವಾರಕ್ಕೊಮ್ಮೆ, ರವಿವಾರ ಬೆಳಿಗ್ಗೆ. ಇನ್ನೊಂದು ಕಂತು ಬೇಕೆಂದರೆ ಇನ್ನೊಂದು ವಾರ ಕಾಯಬೇಕು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ದಿನದ ಧಾರಾವಾಹಿಯ ಕಾಲ ಶುರುವಾಯಿತು. ನಾನು ಬೆಳೆದದ್ದು ಆ ಕಾಲದಲ್ಲಿ. ನಾವು ಕೆಡಲಿಲ್ಲವಲ್ಲ ಅಂದರೆ, ನಮ್ಮನ್ನು ಕಾದದ್ದು ಲೋಡ್ ಶೆಡ್ಡಿಂಗ್. ಮನೆಯವರು ಹಾಕಿದ ಕಟ್ಟುಪಾಡು ಅಂಥದೇನೂ ಇರಲಿಲ್ಲ. ಕರೆಂಟ್ ಹೋದರೆ ಟಿವಿ ಹೋಯಿತು, ಅಂಗಳಕ್ಕೆ ಬಂದೆವು, ಅಲ್ಲಿ ಅಜ್ಜಿ ಇದ್ದಳು, ಕತೆ ಇತ್ತು. ಇಂದು ಅದನ್ನೇ ‘ಸಂಸ್ಕಾರ’ ಅಂತ ಕರೆಯುತ್ತೇವೆ. ಕೊರತೆ ಮಾಡಿಟ್ಟ ಕೆಲಸವನ್ನು ನಮ್ಮ ಗುಣದ ಖಾತೆಗೆ ಬರೆದುಕೊಂಡಿದ್ದೇವೆ.

ಕೊರತೆ ಹೋದ ಮೇಲೆ ಆ ಕೆಲಸವನ್ನು ಮನುಷ್ಯರೇ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಎದುರು ಕೂರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂಬುದು ಅದರ ಒಂದು ಮಾತು. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗಿರುವ ಇನ್ನೊಂದು ಮಾತನ್ನು ಹೇಳುವವರು ಕಡಿಮೆ: ಮಗು ಕೂತಿರುವ ಹೊತ್ತಿನಲ್ಲಿ ಅದನ್ನು ನೋಡಿಕೊಳ್ಳುವವರು ಅದರ ಜೊತೆ ಓದಬೇಕು, ಕತೆ ಹೇಳಬೇಕು. ಅಂದರೆ ಪರದೆಯನ್ನು ತೆಗೆದರೆ ಆ ಜಾಗಕ್ಕೆ ಒಬ್ಬ ಮನುಷ್ಯ ಬೇಕು. ಯಾರು ಆ ಮನುಷ್ಯ? ಅದೇ 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುವುದು 97 ನಿಮಿಷ. ಇದು ಕೈ ಹಚ್ಚುವವರ ಲೆಕ್ಕ ಮಾತ್ರ. ಹಚ್ಚದವರು ಇದರಲ್ಲಿ ಸೇರಿಲ್ಲ. ನಾನು ಬರೆದ ಹಾಳೆಯ ಒಂದೊಂದು ಸಾಲೂ ಆ 299ಕ್ಕೆ ಇನ್ನಷ್ಟು ನಿಮಿಷ ಸೇರಿಸುತ್ತಿತ್ತು.

ಮಕ್ಕಳ ರೂಢಿಯ ಬಗ್ಗೆ ದೊಡ್ಡವರು ಬರೆದದ್ದನ್ನು ಈ ಕಣ್ಣಿಂದ ಮತ್ತೆ ನೋಡಿದೆ. ಸದ್ಗುಣ ಉಪದೇಶದಿಂದ ಬರುವುದಿಲ್ಲ, ಮಾಡಿ ಮಾಡಿ ರೂಢಿಯಾಗಿ ಬರುತ್ತದೆ, ಆದ್ದರಿಂದ ಎಳವೆಯ ರೂಢಿಯೇ ಮುಖ್ಯ ಎನ್ನುತ್ತಾನೆ ಅರಿಸ್ಟಾಟಲ್. ಒಪ್ಪತಕ್ಕ ಮಾತು. ಆದರೆ ಅವನ ಕಾಲದ ಮನೆಯಲ್ಲಿ ಕೆಲಸಕ್ಕೆ ಹೆಂಗಸರೂ ಗುಲಾಮರೂ ಇದ್ದರು. ಮಗುವಿಗೆ ರೂಢಿ ಮಾಡಿಸುವವರ ದಿನ ಹೇಗಿರುತ್ತದೆ ಎಂದು ಅವನು ಕೇಳಲಿಲ್ಲ. ರೂಸೋ ಇದಕ್ಕೆ ತಿರುಗಿ ನಿಂತವನು. ಯಾವ ರೂಢಿಗೂ ಕಟ್ಟುಬೀಳದಿರುವುದೇ ಮಗುವಿಗೆ ಇರಬೇಕಾದ ಒಂದೇ ರೂಢಿ ಎನ್ನುತ್ತಾನೆ 1762ರ ‘ಎಮಿಲ್’ನಲ್ಲಿ. ಆ ಪುಸ್ತಕದ ಹುಡುಗನಿಗೆ ವರ್ಷಗಟ್ಟಲೆ, ಇಡೀ ದಿನ, ಅವನಿಗಾಗಿಯೇ ಮೀಸಲಾದ ಒಬ್ಬ ಗುರು ಇದ್ದಾನೆ. ಆ ಗುರು ರೊಟ್ಟಿ ಬಡಿಯಬೇಕಾಗಿಲ್ಲ. ಇನ್ನು ರೂಸೋ ತನ್ನ ಸ್ವಂತ ಐದು ಮಕ್ಕಳನ್ನು ಅನಾಥಾಲಯಕ್ಕೆ ಕಳಿಸಿದ್ದ, ಅದನ್ನು ಅವನೇ ಬರೆದುಕೊಂಡಿದ್ದಾನೆ. ಅವನನ್ನು ಹೀಯಾಳಿಸಲು ಈ ಮಾತು ತೆಗೆಯುತ್ತಿಲ್ಲ. ಮಗುವಿನ ಬಗ್ಗೆ ಯೋಚಿಸುವುದು ಬೇರೆ, ಮಗುವಿನ ಜೊತೆ ಸಂಜೆ ಕಳೆಯುವುದು ಬೇರೆ. ನಾನೂ ಹಾಳೆ ಬರೆದು ಒಳಕೋಣೆಗೆ ಹೋದವಳೇ.

ಕಾಂಟ್ ಶಿಕ್ಷಣದ ಮೇಲಿನ ಉಪನ್ಯಾಸಗಳಲ್ಲಿ ಇನ್ನೊಂದು ತೊಡಕನ್ನು ಎತ್ತುತ್ತಾನೆ. ಮಗುವನ್ನು ಕಟ್ಟಿಗೆ ಒಳಪಡಿಸಬೇಕು, ಅದೇ ಹೊತ್ತಿಗೆ ತನ್ನ ಸ್ವಾತಂತ್ರ್ಯವನ್ನು ಬಳಸಲು ಅದಕ್ಕೆ ಕಲಿಸಬೇಕು. ಒತ್ತಾಯದಿಂದ ಸ್ವಾತಂತ್ರ್ಯ ಬೆಳೆಯುವುದು ಹೇಗೆ? ನನಗೆ ತೋಚುವ ಉತ್ತರ ಒಂದೇ. ಕಟ್ಟು ತನ್ನೊಬ್ಬನಿಗಲ್ಲ, ಅದನ್ನು ಹಾಕಿದವರೂ ಅದರೊಳಗೇ ಇದ್ದಾರೆ ಎಂದು ಮಗುವಿಗೆ ಕಾಣಬೇಕು. ಆಗ ಅದು ಒಟ್ಟಿಗೆ ಬಾಳುವ ಒಪ್ಪಂದವಾಗುತ್ತದೆ. ಕಾಣದಿದ್ದರೆ ಮಗು ಕಲಿಯುವುದು ಒಂದೇ ಪಾಠ: ದೊಡ್ಡವನಾದ ಮೇಲೆ ನಿಯಮ ಬೇರೆಯವರಿಗೆ.

ಇಲ್ಲಿಗೆ ನನ್ನ ಸಂಶೋಧನೆಯ ಮಾತು ಬರಬೇಕು, ಏಕೆಂದರೆ ನನ್ನ ಮುಖಕ್ಕೆ ಕನ್ನಡಿ ಹಿಡಿದದ್ದು ಅದೇ. ನಾನು ಕೆಲಸ ಮಾಡುತ್ತಿರುವುದು ಬೀಸುವ ಪದಗಳ ಮೇಲೆ. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಕೈ ತಿರುಗಿಸುತ್ತ ಹಾಡಿದ ಪದಗಳು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಓದಿದ ಕನ್ನಡಿಗರು ಬೆರಗಾದರು. ಅಣ್ಣ, ತವರು, ಮಗು, ಅತ್ತೆ, ನಾದಿನಿ, ಸವತಿ, ಎಲ್ಲ ಆ ಪದಗಳಲ್ಲಿದ್ದಾರೆ. ತೊಡೆಯ ಮೇಲೆ ಮಲಗಿದ ಮಗು ಅದನ್ನು ಕೇಳಿಯೇ ಬೆಳೆಯುತ್ತಿತ್ತು. ಆದರೆ ಹಾಡಿದ್ದು ಮಗುವಿಗೆ ಪಾಠ ಹೇಳಲಿಕ್ಕೆ ಅಂತಲ್ಲ. ಕೈ ನೋಯುತ್ತಿತ್ತು, ನೋವು ಮರೆಯಬೇಕಿತ್ತು, ಮನಸ್ಸಿನಲ್ಲಿದ್ದದ್ದನ್ನು ಹಗಲು ಹೇಳುವಂತಿರಲಿಲ್ಲ. ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಪದ ನಿಂತಿತು. ಕಲ್ಲು ಹೋದದ್ದಕ್ಕೆ ಯಾವ ಅಜ್ಜಿಯೂ ನನ್ನೆದುರು ಅತ್ತಿಲ್ಲ. ಪದ ಹೋದದ್ದಕ್ಕೆ ಅಳುವುದು ನಮ್ಮಂಥವರು.

ಕೈಗೆ ಕೆಲಸ, ಕಿವಿಗೆ ಕತೆ, ಕತೆಯಲ್ಲಿ ಅತ್ತೆ, ಸೊಸೆ, ತವರು. ಮೊರ ಹಿಡಿದು ಟಿವಿ ಎದುರು ಕೂತ ಅವ್ವ ಇನ್ನೇನು ಮಾಡುತ್ತಿದ್ದಳು? ನೂರು ವರ್ಷದ ಹಿಂದಿನ ಹೆಂಗಸಿನ ಆ ಹೊತ್ತನ್ನು ನಾನು ಸಂಸ್ಕೃತಿ ಅಂತ ಬರೆದುಕೊಳ್ಳುತ್ತಿದ್ದೆ. ನನ್ನ ಅವ್ವನ ಅದೇ ಹೊತ್ತನ್ನು ಚಟ ಅಂತ ಕರೆದು ರೀಚಾರ್ಜ್ ನಿಲ್ಲಿಸಿದ್ದೆ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಬೀಸುವ ಪದ ಹಾಡುವವಳದ್ದಾಗಿತ್ತು, ಬೇಕಾದ ಕಡೆ ಒಂದು ಸಾಲು ಸೇರಿಸುತ್ತಿದ್ದಳು, ಬೇಡವಾದದ್ದು ಬಿಡುತ್ತಿದ್ದಳು. ಧಾರಾವಾಹಿಯಲ್ಲಿ ಅವ್ವನಿಗೆ ಆ ಹಕ್ಕಿಲ್ಲ. ಅದನ್ನು ಮಾಡುವವರಿಗೆ ಬೇಕಾದದ್ದು ಅವಳು ನಾಳೆಯೂ ಬರುವುದು, ನಡುವೆ ಸೋಪಿನ ಜಾಹೀರಾತು ನೋಡುವುದು. ಹುಡುಗ ಅದರಿಂದ ಕಲಿತ ಆ ಮೂರು ದಿಕ್ಕಿನ ದೃಷ್ಟಿಯನ್ನು ಕಂಡು ನನಗಾದ ಕಳವಳ ಸುಳ್ಳಲ್ಲ. ಬೆಲೆ ಹೆಂಗಸರೇ ತೆರುತ್ತಾರೆ ಎಂಬ ಕಾರಣಕ್ಕೆ ಮಗುವನ್ನು ಪರದೆಯ ಮುಂದೆ ಬಿಟ್ಟುಬಿಡೋಣ ಅನ್ನುವುದೂ ಸರಿಯಲ್ಲ. ಅವನಿಗೆ ಏಳು ವರ್ಷ, ತನಗೇನು ಬೇಕೆಂದು ಆರಿಸುವ ವಯಸ್ಸಲ್ಲ. ನಿದ್ದೆ, ಊಟ, ಅಭ್ಯಾಸಕ್ಕೆ ಒಂದು ಹೊತ್ತು ಇರುವುದು ಅವನ ಹಕ್ಕು. ಅವ್ವನಿಗೆ ತನ್ನದೆನ್ನುವ ಒಂದು ತಾಸು ಇರುವುದೂ ಹಕ್ಕು. ಈ ಎರಡು ಹಕ್ಕುಗಳನ್ನು ಎದುರುಬದುರು ನಿಲ್ಲಿಸಿದ್ದು ಅವರಿಬ್ಬರೂ ಅಲ್ಲ. ಒಳಕೋಣೆಯಲ್ಲಿದ್ದ ನಾನು, ಚಹಾದಂಗಡಿಯಲ್ಲಿದ್ದ ಅಣ್ಣ.

ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಅಂತ ಒಂದು ಊರಿದೆ. 2022ರಲ್ಲಿ ಆ ಊರವರು ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗಿದರೆ ಎಲ್ಲ ಮನೆಗಳಲ್ಲೂ ಟಿವಿ, ಮೊಬೈಲ್ ಬಂದ್. ಒಂದೂವರೆ ತಾಸಿನ ಮೇಲೆ ಮತ್ತೆ ಸೈರನ್. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಕೆಳಗಿಳಿಯಲಿಲ್ಲ ಎಂಬ ಚಿಂತೆ ಅದರ ಹಿಂದೆ ಇತ್ತು. ಈ ಸುದ್ದಿ ಓದಿದಾಗ ನನಗೆ ಹಿಡಿಸಿದ್ದು ಸೈರನ್ ಅಲ್ಲ, ಅದು ಎಲ್ಲರಿಗೂ ಕೂಗುತ್ತದೆ ಎಂಬುದು. ಹುಡುಗನ ಪುಸ್ತಕ ತೆರೆಯಬೇಕಾದರೆ ಅಪ್ಪನ ಮೊಬೈಲೂ ಮುಚ್ಚಬೇಕು. ಜೊತೆಗೆ ಒಂದು ಅನುಮಾನವೂ ಬಂತು. ಏಳರಿಂದ ಎಂಟೂವರೆ ಅಡುಗೆಯ ಹೊತ್ತು. ಆ ತಾಸಿನಲ್ಲಿ ಗಂಡಸರ ಫೋನು ಬಂದ್ ಆದರೆ ಅವರ ಕೈಗಳು ಖಾಲಿಯಾಗುತ್ತವೆ. ಖಾಲಿಯಾದ ಕೈಗಳು ಎಲ್ಲಿಗೆ ಹೋಗಬೇಕು ಎಂದು ಸೈರನ್ ಹೇಳುವುದಿಲ್ಲ. ಅದನ್ನು ಮನೆಯೇ ಹೇಳಬೇಕು.

ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ದೊಡ್ಡ ಬದಲಾವಣೆ ಏನಿಲ್ಲ. ಮರುದಿನ ರೀಚಾರ್ಜ್ ನಾನೇ ಮಾಡಿಸಿದೆ. ಅವ್ವನಿಗೆ ತಪ್ಪಾಯಿತು ಅಂತ ಹೇಳಲು ಬಾಯಿ ಬರಲಿಲ್ಲ, ‘ನಿನ್ನ ಧಾರಾವಾಹಿ ಬಂತ ನೋಡು’ ಅಂದೆ. ಅವಳು ‘ಹೂಂ’ ಅಂದಳು. ಆ ರವಿವಾರ ನಾಲ್ವರೂ ಕೂತು ಮಾತಾಡಿದೆವು. ಮಾತು ಜಗಳಕ್ಕೂ ಹೋಯಿತು. ‘ದಿನಾ ದುಡದ ಬಂದಾವ್ನ ನಾನು, ಒಂದ್ ತಾಸ ಕಟ್ಟಿಗೆ ಕುಂದ್ರಬಾರದನ?’ ಅಂದ ಅಣ್ಣ. ಅವನ ದಣಿವೂ ಸುಳ್ಳಲ್ಲ. ವೈನಿ ನಗುತ್ತಲೇ, ‘ಕುಂದ್ರ್ರಿ. ನಾನೂ ಒಂದ್ ತಾಸ ಕುಂದರ್ತೀನಿ, ಆಮ್ಯಾಲ ರೊಟ್ಟಿ ಯಾರ ಬಡಿತಾರ ನೋಡೋಣು’ ಅಂದರು. ಅವ್ವ ಒಂದೇ ಮಾತು ಹೇಳಿದಳು: ಏಳರದ್ದು ಬಿಡುತ್ತೇನೆ, ಮರುದಿನ ಮಧ್ಯಾಹ್ನ ಮತ್ತೆ ಹಾಕುತ್ತಾರೆ. ಎಂಟರದ್ದು ಬಿಡುವುದಿಲ್ಲ.

ಈಗ ಏಳರಿಂದ ಎಂಟು ಟಿವಿ ಇಲ್ಲ, ನನ್ನ ಮೊಬೈಲ್ ಅಕ್ಕಿ ಡಬ್ಬಿಯ ಮೇಲೆ. ವಾರದಲ್ಲಿ ನಾಲ್ಕು ದಿನ ಅಣ್ಣ ಏಳೂಕಾಲಕ್ಕೆ ಬಂದು ಮಗನ ಪಕ್ಕ ಕೂರುತ್ತಾನೆ. ಎರಡು ದಿನ ನಾನು. ಒಂದು ದಿನ ಯಾರಿಗೂ ಆಗುವುದಿಲ್ಲ, ಆ ದಿನ ಹುಡುಗ ಅಡುಗೆಮನೆಯಲ್ಲಿ ವೈನಿಯ ಹತ್ತಿರ ಕೂತು ಹಿಟ್ಟಿನಲ್ಲಿ ಅಂಕಿ ಬರೆಯುತ್ತಾನೆ. ಲೆಕ್ಕದಲ್ಲಿ ಅಣ್ಣ ಗಟ್ಟಿ, ತಾಳ್ಮೆಯಲ್ಲಿ ಇಲ್ಲ, ಹತ್ತು ನಿಮಿಷಕ್ಕೊಮ್ಮೆ ದನಿ ಏರುತ್ತದೆ. ಎಂಟಕ್ಕೆ ಅವ್ವನ ಧಾರಾವಾಹಿ. ಹುಡುಗ ಆಗಲೂ ನೋಡುತ್ತಾನೆ. ಆದರೆ ಈಗ ನಾನು ಪಕ್ಕದಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತ, ‘ಆಕಿಗೆ ಅಷ್ಟ್ಯಾಕ ಸಿಟ್ಟು ಬಂತು?’ ಅಂತ ಅವನನ್ನು ಕೇಳುತ್ತೇನೆ. ಒಮ್ಮೆ ಅವನು ಯೋಚಿಸಿ, ‘ಆಕಿನ್ನ ಯಾರೂ ಕೇಳಿಲ್ಲ, ಅದಕ್ಕ’ ಅಂದ. ಅವ್ವ ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು.

ಗೋಡೆಯ ಮೇಲಿನ ಹಾಳೆ ಇನ್ನೂ ಇದೆ, ಸೂರ್ಯನ ಬಣ್ಣ ಮಾಸಿದೆ. 8.30ರ ಊಟದ ಮುಂದೆ ವೈನಿ ಪೆನ್ಸಿಲ್ಲಿನಿಂದ ಸೇರಿಸಿದ್ದಾರೆ: ‘ತಾಟು ಹಾಕೋರು ಅಪ್ಪ, ತೊಳೆಯೋರು ಅತ್ತಿ.’